ಅಕ್ಕಯಮ್ಮನವರನ್ನು ಸಂಭಾಳಿಸುವ ವಿಧಾನ

ಜಯನಗರದ ಗಗನಗಾಮಿ ಲಿಫ್ಟ್ ಸರ್ವೀಸಸ್ ಕಚೇರಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ವಿಷಯ ಗೊತ್ತಿತ್ತು. ಅದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ, ಅಷ್ಟೇ. ಪ್ರಿಂಟರ್ ಕೆಟ್ಟು ನಿಂತಾಗ ಅದರ ಯಾವ ಪಕ್ಕೆಗೆ ಗುದ್ದಬೇಕೆಂಬುದು ಅಟೆಂಡರ್ ಪಿಳ್ಳಣ್ಣನಿಗೆ ಮಾತ್ರ ಗೊತ್ತು. ಗುದ್ದುವ ಮೊದಲು ಅವನು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಂಪ್ಯೂಟರುಗಳ ಪಾಸ್‌ವರ್ಡ್ ಗೊತ್ತಿದ್ದದ್ದು ದೀಪಕ್ ಒಬ್ಬನಿಗೆ. ತನ್ನ ಮದುವೆಯ ದಿನ ಹಸೆಮಣೆಯ ಮೇಲೆ ಕೂತು, ಒಂದು ಕೈಯಲ್ಲಿ ಹುಡುಗಿಯ ಕೈ ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದ. ಮಾರನೆಯ ದಿನವೇ ಬದಲಾಯಿಸಿಯೂ ಇದ್ದ. ಗೊತ್ತಿರುವುದನ್ನು ಬಿಟ್ಟುಕೊಟ್ಟವನು ಕುರ್ಚಿಯನ್ನೂ ಬಿಟ್ಟುಕೊಟ್ಟ ಹಾಗೆ ಎಂಬುದು ಆ ಕಚೇರಿಯ ಕಾನೂನು. ಅದನ್ನು ಗೋಡೆಗೆ ಬರೆದು ಅಂಟಿಸಿರಲಿಲ್ಲ, ಬರೆದರೆ ಅದೂ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತಲ್ಲ.

ಇಂಥ ಕಚೇರಿಯಲ್ಲಿ ನಮ್ಮ ಸೇತುರಾಮನಿಗೆ ಗೊತ್ತಿದ್ದದ್ದು ಅಕ್ಕಯಮ್ಮ.

ಉತ್ತರಹಳ್ಳಿಯಲ್ಲಿ ಅಕ್ಕಯಮ್ಮನವರ ರಾಗಿ ಹೊಲಗಳಿದ್ದ ಕಡೆಯಲ್ಲೆಲ್ಲ ಈಗ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಪ್ರತಿಯೊಂದರಲ್ಲೂ ಲಿಫ್ಟು, ಪ್ರತಿ ಲಿಫ್ಟಿನ ಉಸ್ತುವಾರಿಯೂ ಗಗನಗಾಮಿಯದು. ಕಂಪನಿಯ ಅರ್ಧ ಅನ್ನ ಆ ಒಂದು ಮನೆಯಿಂದ ಹುಟ್ಟುತ್ತಿತ್ತು. ಅಕ್ಕಯಮ್ಮ ಅವುಗಳಲ್ಲೊಂದರ ನೆಲಮಹಡಿಯಲ್ಲಿ ಮಗ ಶಿವರಾಮನ ಜೊತೆ ಇದ್ದರು. ಪಾರ್ಕಿಂಗಿನಲ್ಲಿ ಅವರ ಕಾರು ನಿಲ್ಲಬೇಕಾದ ಜಾಗದಲ್ಲಿ ಗೌರಿ ಎಂಬ ಹಸುವನ್ನು ಕಟ್ಟಿದ್ದರು, ಕಾರು ರಸ್ತೆಯಲ್ಲಿ ನಿಲ್ಲುತ್ತಿತ್ತು.

ಪ್ರತಿ ಗುರುವಾರ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಸೇತುರಾಮ ಲಿಫ್ಟುಗಳ ದೂರು ಕೇಳಲೆಂದು ಆ ಮನೆಗೆ ಹೊರಡುತ್ತಿದ್ದ. ಹೊರಡುವ ಮುನ್ನ ಕಚೇರಿಯ ಗಣಪತಿ ಪಟಕ್ಕೆ ಕೈಮುಗಿದು, "ಹೋಗ್ಬರ್ತೀನಪ್ಪ. ಬಂದ್ರೆ ಬಂದೆ" ಎನ್ನುತ್ತಿದ್ದ. ಸಂಜೆ ಬರುವಾಗ ತಲೆ ಕೆದರಿ, ಕಣ್ಣು ಕೆಂಪಾಗಿ, ಮುಖ ಊದಿಕೊಂಡಿರುತ್ತಿತ್ತು.

"ಇವತ್ತು ಏನಂದ್ರು ಸಾರ್ ಆಯಮ್ಮ?" ಎಂದು ದೀಪಕ್ ಕೇಳಿದರೆ, "ಬೇಡಪ್ಪ, ನೀನಿನ್ನೂ ಹೊಸದಾಗಿ ಮದುವೆ ಆದೋನು. ನಿನ್ನ ಕಿವಿಗೆ ಅದೆಲ್ಲ ಬೀಳಬಾರದು" ಎಂದು ನೀರು ಕುಡಿಯುತ್ತಿದ್ದ. ಹೀಗೆ ವರ್ಷಾನುಗಟ್ಟಲೆ ನಡೆದು, ಅಕ್ಕಯಮ್ಮ ಎಂದರೆ ಸಾಕ್ಷಾತ್ ಮಾರಿ, ಸೇತುರಾಮ ಒಬ್ಬನೇ ಆಕೆಯ ಮುಂದೆ ನಿಂತು ಜೀವಸಹಿತ ವಾಪಸ್ಸು ಬರಬಲ್ಲವನು ಎಂಬುದು ಕಚೇರಿಯಲ್ಲಿ ಸ್ಥಿರವಾಗಿತ್ತು.

ನಿಜ ಏನೆಂದರೆ, ಅಕ್ಕಯಮ್ಮ ಸೇತುರಾಮನ ಜೊತೆ ಒಂದು ದಿನವೂ ಗಟ್ಟಿಯಾಗಿ ಮಾತಾಡಿದವರಲ್ಲ. ಆ ಮನೆಯಲ್ಲಿ ಗುರುವಾರ ಮಾಂಸ ಮಾಡುತ್ತಿರಲಿಲ್ಲ. ಅಂದು ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು, ಬಸ್ಸಾರಿಗೆ ಒಂದು ಹಿಡಿ ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ. ಬನಶಂಕರಿ ಎರಡನೇ ಹಂತದ ಸೇತುರಾಮನ ಮನೆಯಲ್ಲಿ ಅವನ ಹೆಂಡತಿ ಸರಸ್ವತಿ ಕಾಲಿಟ್ಟಂದಿನಿಂದ ಬೆಳ್ಳುಳ್ಳಿಯ ಒಂದು ಸಿಪ್ಪೆ ಹೊಸ್ತಿಲು ದಾಟಿರಲಿಲ್ಲ. ಹಾಗಾಗಿ ಅವನು ವಾರಕ್ಕೊಮ್ಮೆ ಉತ್ತರಹಳ್ಳಿಯಲ್ಲಿ ಹೊಟ್ಟೆ ಬಿರಿಯ ಉಂಡು, ಗೌರಿಯ ಪಕ್ಕ ಹಗ್ಗದ ಮಂಚದ ಮೇಲೆ ಸಂಜೆಯವರೆಗೆ ಗೊರಕೆ ಹೊಡೆದು ಬರುತ್ತಿದ್ದ. ಕೆಂಪು ಕಣ್ಣು, ಊದಿದ ಮುಖ ಎಲ್ಲ ಆ ನಿದ್ದೆಯ ಪ್ರಸಾದ. ಸಂಜೆ ಕಚೇರಿಗೆ ಮುಖ ತೋರಿಸಿ, ಮನೆಯ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನಾಲ್ಕು ಏಲಕ್ಕಿ ಅಗಿದು, ಒಳಗೆ ಬಂದು, "ಹಸಿವಿಲ್ಲ ಕಣೇ. ಬೈಸ್ಕೊಂಡು ಬೈಸ್ಕೊಂಡು ಹೊಟ್ಟೆ ತುಂಬಿದೆ" ಎನ್ನುತ್ತಿದ್ದ. ಸರಸ್ವತಿ ಆ ಕಾಣದ ಅಕ್ಕಯಮ್ಮನಿಗೆ ಹಿಡಿಶಾಪ ಹಾಕುತ್ತ ಜೀರಿಗೆ ಕಷಾಯ ಕಾಸಿ ಕೊಟ್ಟು, ಗಂಡನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಪಾಪ, ಒಳ್ಳೆಯ ಹೆಂಗಸು.

ಇಷ್ಟಕ್ಕೇ ಕಥೆ ಮುಗಿಯಬಹುದಿತ್ತು. ಆದರೆ ಸೇತುರಾಮ ಕಟ್ಟಿದ ಮಾರಿ ಅವನ ದಾರಿಗೇ ಅಡ್ಡ ನಿಂತಿತು. ಸರಸ್ವತಿಗೆ ಜೀವಮಾನದಲ್ಲಿ ಒಮ್ಮೆ ಹಿಮ ಮುಟ್ಟಿ ನೋಡಬೇಕೆಂಬ ಆಸೆ. ಅವನು ರಜೆ ಕೇಳಿದಾಗಲೆಲ್ಲ ಕಂಪನಿಯ ಹಳೇ ಯಜಮಾನರು, "ಸೇತುರಾಮ, ನೀನು ಹಿಮಾಲಯದಲ್ಲಿದ್ದಾಗ ಅಕ್ಕಯಮ್ಮನ ಲಿಫ್ಟ್ ಕೆಟ್ರೆ ಯಾರಪ್ಪ ಗತಿ?" ಎಂದು ಅರ್ಜಿ ಮಡಚಿಡುತ್ತಿದ್ದರು. ಎರಡು ಸಲ ಟಿಕೆಟ್ ಕ್ಯಾನ್ಸಲ್ ಆಗಿತ್ತು. ಈ ಮಾರ್ಚ್‌ಗೆ ಮನಾಲಿ ಎಂದು ಮತ್ತೆ ನಿಗದಿಯಾಗಿತ್ತು. ಸ್ವೆಟರ್, ಉಣ್ಣೆ ಕಾಲುಚೀಲ, ಮಂಕಿ ಕ್ಯಾಪು ಬಂದಿದ್ದವು. ಬನಶಂಕರಿಯ ಬಿಸಿಲಲ್ಲಿ ಸರಸ್ವತಿ ಅವನ್ನು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು.

"ನೋಡಿ, ಈ ಸಲವೂ ರಜಾ ಸಿಗಲಿಲ್ಲ ಅಂದ್ರೆ ನಾನೊಬ್ಬಳೇ ಹೋಗ್ತೀನಿ," ಎಂದಳು ಮಂಕಿ ಕ್ಯಾಪಿನೊಳಗಿಂದ. "ವಾಪಸ್ ಬಂದ್ಮೇಲೆ ಅಡುಗೆಮನೆ ಕಡೆ ತಲೆ ಹಾಕಲ್ಲ. ಆ ಅಕ್ಕಯಮ್ಮನ ಮನೇಲೇ ಹೋಗಿ ಉಂಡ್ಕೊಂಡಿರಿ."

ಸೇತುರಾಮನಿಗೆ ಬಾಯಲ್ಲಿ ಸ್ವಲ್ಪ ನೀರೂರಿತು. ಆದರೂ ಹೆದರಿದ.

ಇಂಥ ಸಮಯಕ್ಕೆ ಹಳೇ ಯಜಮಾನರು ಮಂಡಿನೋವೆಂದು ಮನೆಯಲ್ಲಿ ಕೂತು, ಅವರ ಮಗಳು ಇಂಚರ ಕುರ್ಚಿಗೆ ಬಂದಳು. ಎಂಬಿಎ ಮಾಡಿದ ಹುಡುಗಿ. ಮೊದಲ ವಾರವೇ ಮೀಟಿಂಗ್ ಕರೆದಳು.

"ನಮ್ಮ ಕಂಪನಿಯ ನಿಜವಾದ ಆಸ್ತಿ ಲಿಫ್ಟ್ ಅಲ್ಲ. ನಿಮ್ಮೆಲ್ಲರ ತಲೆ. ಸಂಜೆ ಆರು ಗಂಟೆಗೆ ಆ ಆಸ್ತಿ ಎದ್ದು ಮನೆಗೆ ಹೋಗಿಬಿಡುತ್ತೆ. ನಾಳೆ ಬರದೇ ಇದ್ರೆ?"

ಪಿಳ್ಳಣ್ಣ ಗಾಬರಿಯಿಂದ ತಲೆ ಮುಟ್ಟಿ ನೋಡಿಕೊಂಡ.

"ಅದಕ್ಕೇ ಇನ್ಮೇಲೆ ನಾಲೆಡ್ಜ್ ಮ್ಯಾನೇಜ್‌ಮೆಂಟ್. ಯಾರಿಗೆ ಏನು ಗೊತ್ತೋ ಎಲ್ಲಾನೂ ಜ್ಞಾನಸಾಗರ ಅನ್ನೋ ಪೋರ್ಟಲ್‌ಗೆ ಹಾಕ್ಬೇಕು. ಮುಚ್ಚಿಟ್ಕೊಳ್ಳೋ ಕಲ್ಚರ್ ಹೋಗಬೇಕು, ಹಂಚ್ಕೊಳ್ಳೋ ಕಲ್ಚರ್ ಬರಬೇಕು."

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ವಾರ ಕಳೆಯಿತು, ಜ್ಞಾನಸಾಗರದಲ್ಲಿ ಎರಡು ಹನಿ ಬಿದ್ದಿತ್ತು. ಪ್ರಿಂಟರ್ ಕೆಟ್ಟರೆ ಪಿಳ್ಳಣ್ಣನನ್ನು ಕರೆಯುವುದು ಎಂದು ಪಿಳ್ಳಣ್ಣ ಬರೆಸಿದ್ದ. ಪಾಸ್‌ವರ್ಡ್ ಬೇಕಾದಲ್ಲಿ ದೀಪಕ್ ಅವರನ್ನು ಸಂಪರ್ಕಿಸಿ ಎಂದು ದೀಪಕ್ ಬರೆದಿದ್ದ.

ಇಂಚರ ಸೇತುರಾಮನನ್ನು ಒಳಗೆ ಕರೆದಳು. ಫ್ರಾಕು ಹಾಕುತ್ತಿದ್ದ ಕಾಲದಿಂದ ಅವನನ್ನು ನೋಡಿದವಳು. "ಅಂಕಲ್, ನೀವಾದ್ರೂ ದಾರಿ ತೋರಿಸಿ. ಅಕ್ಕಯಮ್ಮನ್ನ ಹೇಗೆ ಸಂಭಾಳಿಸೋದು ಅಂತ ಪೂರ್ತಿ ಬರೆದುಕೊಡಿ. ಅವತ್ತೇ ನಿಮ್ಮ ರಜಾ ಸ್ಯಾಂಕ್ಷನ್."

ಸೇತುರಾಮ ಯೋಚನೆಗೆ ಬಿದ್ದ. ಆಕೆ ದೇವರಂಥ ಹೆಂಗಸು ಎಂದು ನಿಜ ಬರೆದರೆ ರಜೆ ಸಿಗುತ್ತದೆ, ಆದರೆ ಮುಂದಿನ ಗುರುವಾರದಿಂದ ಇಡೀ ಕಚೇರಿ ಉತ್ತರಹಳ್ಳಿಗೆ ಪಂಕ್ತಿಗೆ ಕೂರುತ್ತದೆ. ಬರೆಯದಿದ್ದರೆ ಗುರುವಾರ ಉಳಿಯುತ್ತದೆ, ಮನಾಲಿ ಹೋಗುತ್ತದೆ, ಮನಾಲಿಯ ಹಿಂದೆಯೇ ಸರಸ್ವತಿಯ ಕೈ ಅಡುಗೆಯೂ ಹೋಗುತ್ತದೆ. ರಜೆಯೂ ಸಿಗಬೇಕು, ಗುರುವಾರವೂ ಉಳಿಯಬೇಕು. ಹಾಗಾಗಿ ಹೋದವರು ಒಂದೇ ಸಲಕ್ಕೆ ಹೆದರಿ ಮತ್ತೆ ಆ ಕಡೆ ತಲೆ ಹಾಕಬಾರದು, ಹೋದಾಗ ಊಟದ ವಿಷಯಕ್ಕೆ ಮಾತು ಹೊರಳಲೂಬಾರದು. ಎರಡು ದಿನ ಕೂತು ಅವನು ಬರೆದದ್ದು ಜ್ಞಾನಸಾಗರದ ಅತಿ ಉದ್ದದ ಲೇಖನವಾಯಿತು.

ಅದರ ಸಾರಾಂಶ ಇಷ್ಟು. ಅಕ್ಕಯಮ್ಮನವರ ಮನೆಗೆ ಬಿಳಿ ಬಟ್ಟೆಯಲ್ಲೇ ಹೋಗಬೇಕು, ಬಣ್ಣ ಕಂಡರೆ ಹಸು ಬೆದರುತ್ತದೆ, ಹಸು ಬೆದರಿದರೆ ಅವರು ಕೆರಳುತ್ತಾರೆ. ದೀಪಕ್‌ನ ಹತ್ತಿರ ಬಿಳಿ ಬಟ್ಟೆಯೇ ಇಲ್ಲವೆಂದು ಸೇತುರಾಮನಿಗೆ ಗೊತ್ತಿತ್ತು. ನಗಬಾರದು, ದನಿ ಏರಿಸಬಾರದು, ಕೂರಬಾರದು. ಆ ಮನೆಯಲ್ಲಿ ಒಂದು ತೊಟ್ಟು ನೀರನ್ನೂ ಮುಟ್ಟಬಾರದು. ಗೌರಿ ಏನು ಮಾಡಿದರೂ ತಡೆಯಬಾರದು. ಸೇತುರಾಮ ಎಲ್ಲಿ ಎಂದು ಕೇಳಿದರೆ ತಲೆ ತಗ್ಗಿಸಿ ಸುಮ್ಮನಿರಬೇಕು, ರಜೆ ಎಂಬ ಮಾತೆತ್ತಿದರೆ ರಂಪವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವಾಗ ಹೋಗಿಬರ್ತೀವಿ ಎನ್ನಬಾರದು, ಸದ್ದಿಲ್ಲದೆ ಹೊರಟು ಬರಬೇಕು. ಆ ಮಾತು ಕಿವಿಗೆ ಬಿದ್ದರೆ ಅಕ್ಕಯಮ್ಮ ಉಂಡೇ ಹೋಗಿ ಎಂದು ಕೈಹಿಡಿದು ಎಳೆಯುತ್ತಾರೆಂಬುದು ಒಳಗಿನ ಗುಟ್ಟು.

ಇಂಚರ ಎರಡು ಸಲ ಓದಿದಳು. "ಇದು ನೋಡಿ ನಾಲೆಡ್ಜ್ ಅಂದ್ರೆ. ಅಂಕಲ್, ಇದು ನಿಮ್ಮ ಜೊತೇಲೇ ಕಳೆದುಹೋಗಬಾರದು." ಕಚೇರಿಯ ಮಧ್ಯೆ ಕುರ್ಚಿ ಸರಿಸಿ ತಾಲೀಮು ಶುರುವಾಯಿತು. ಪಿಳ್ಳಣ್ಣ ತಲೆಗೆ ಟವೆಲ್ ಹೊದ್ದು ಅಕ್ಕಯಮ್ಮನಾದ. ಪಾತ್ರ ಅವನಿಗೆ ಎಷ್ಟು ಒಗ್ಗಿತೆಂದರೆ, ದೀಪಕ್‌ನ ಮೇಲೆ ಇದ್ದ ಹಳೇ ಸಿಟ್ಟನ್ನೆಲ್ಲ ಅಕ್ಕಯಮ್ಮನ ಹೆಸರಿನಲ್ಲಿ ತೀರಿಸಿಕೊಂಡ. ಶುಕ್ರವಾರ ಬೆಳಗ್ಗೆ ಸೇತುರಾಮ ದಂಪತಿಗಳ ವಿಮಾನ. ಅದರ ಹಿಂದಿನ ದಿನ, ಗುರುವಾರವೇ, ಪರೀಕ್ಷೆ ಎಂದು ಇಂಚರ ತೀರ್ಮಾನಿಸಿದಳು.

"ನೀವು ಗುರುವಾರ ಮನೇಲೇ ಇರಿ ಅಂಕಲ್. ಫೋನ್ ಆಫ್ ಮಾಡಿಬಿಡಿ. ನೀವಿಲ್ಲದೇನೂ ಸಿಸ್ಟಂ ನಡೆಯುತ್ತಾ ಇಲ್ವಾ ನೋಡೇಬಿಡೋಣ."

ಸೇತುರಾಮ ಫೋನ್ ಆಫ್ ಮಾಡಿ, ಸೂಟ್‌ಕೇಸ್ ತುಂಬುತ್ತ ಕೂತ. ಗುರುವಾರ ಉತ್ತರಹಳ್ಳಿಯಲ್ಲಿ ನಡೆದದ್ದನ್ನು ಅವನು ಆಮೇಲೆ ಬೇರೆ ಬೇರೆ ಬಾಯಿಂದ ಕೇಳಿ ತಿಳಿದುಕೊಂಡ. ಎಲ್ಲ ಬಾಯಿಯೂ ಒಂದನ್ನೇ ಹೇಳಿದವು.

ಅಕ್ಕಯಮ್ಮ ಎಂದಿನಂತೆ ಮುದ್ದೆ ಕಟ್ಟಿಟ್ಟು ಐನೋರ, ಅಂದರೆ ಸೇತುರಾಮನ, ದಾರಿ ಕಾಯುತ್ತಿದ್ದರು. ಗೇಟಿನಲ್ಲಿ ಬಿಳಿ ಚೂಡಿದಾರದ ಇಂಚರ, ಬಿಳಿ ಅಂಗಿಯ ಪಿಳ್ಳಣ್ಣ, ಮಾವನ ಬಿಳಿ ಜುಬ್ಬಾ ಎರವಲು ತಂದ ದೀಪಕ್, ಮೂವರೂ ಮುಖ ಸಪ್ಪಗೆ ಮಾಡಿಕೊಂಡು ಕೈಕಟ್ಟಿ ನಿಂತಿದ್ದರು.

"ಯಾರ್ ತಾಯಿ ನೀವು? ಲಿಫ್ಟಿನೋರಾ? ಬನ್ರಪ್ಪ, ಕೂತ್ಕಳಿ. ಐನೋರು ಎಲ್ಲಿ, ಬರ್ನಿಲ್ವಾ?"

ಮೂರು ತಲೆಗಳು ಒಟ್ಟಿಗೆ ತಗ್ಗಿದವು.

ಅಕ್ಕಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು. "ಯಾಕ್ ಮಗ, ಏನಾಯ್ತು? ಬುಡಿಸಿ ಹೇಳ್ರಪ್ಪ. ಮೊದ್ಲು ಒಂಚೂರು ನೀರಾದ್ರೂ ಕುಡೀರಿ."

ನೀರು ಬೇಡವೆಂದು ಮೂವರೂ ತಲೆಯಾಡಿಸಿದರು. ಇದೇ ಹೊತ್ತಿಗೆ ಗೌರಿ ಕತ್ತು ಚಾಚಿ ಇಂಚರಳ ಬಿಳಿ ರೇಷ್ಮೆ ದುಪಟ್ಟಾ ಬಾಯಿಗೆ ಹಾಕಿಕೊಂಡು ಮೆಲ್ಲಲು ಶುರುಮಾಡಿತು. ತಡೆಯುವಂತಿಲ್ಲ. ಹೊಸ ದುಪಟ್ಟಾ, ಅವಳಿಗೆ ಅಚ್ಚುಮೆಚ್ಚಿನದು. ಇಂಚರ ನಿಂತಲ್ಲೇ ನಿಂತಳು, ಕಣ್ಣಲ್ಲಿ ಬಳಬಳ ನೀರು ಸುರಿಯಿತು. ಅದನ್ನು ನೋಡಿ ಅಕ್ಕಯಮ್ಮ ಕಂಬ ಹಿಡಿದುಕೊಂಡರು. ಇಂಚರ ಕಣ್ಣೊರೆಸಿಕೊಂಡು, ಗ್ರಾಹಕರಿಗೆ ಧೈರ್ಯ ತುಂಬಬೇಕಲ್ಲ ಎಂದು, ಮೆಲುದನಿಯಲ್ಲಿ ಹೇಳಿದಳು.

"ನೀವೇನೂ ಯೋಚನೆ ಮಾಡ್ಬೇಡಿ ಅಮ್ಮ. ಸೇತುರಾಮ್ ಅಂಕಲ್ ಇಲ್ಲದೇ ಇದ್ರೂ ಅವರ ಜ್ಞಾನ, ಅವರ ಅನುಭವ ಎಲ್ಲ ನಮ್ಮ ಜೊತೇಲೇ ಇರುತ್ತೆ."

ಆಮೇಲೆ ಮೂವರೂ ಹೋಗಿಬರ್ತೀವಿ ಎನ್ನದೆ ಸದ್ದಿಲ್ಲದೆ ಹೊರಟುಬಿಟ್ಟರು. ನಮ್ಮಲ್ಲಿ ಹೋಗಿಬರ್ತೀನಿ ಎನ್ನದೆ ಎದ್ದುಬರುವುದು ಯಾವ ಸಂದರ್ಭದಲ್ಲಿ ಎಂದು ನಿಮಗೂ ಗೊತ್ತು, ಅಕ್ಕಯಮ್ಮನಿಗೂ ಗೊತ್ತು. ಎಂಬಿಎಯಲ್ಲಿ ಅದನ್ನು ಕಲಿಸಿರಲಿಲ್ಲ. ಗೇಟಿನ ಹತ್ತಿರ ಅಕ್ಕಯಮ್ಮ ದೀಪಕ್‌ನ ತೋಳು ಹಿಡಿದು, "ಅವರ ಮನೆ ಎಲ್ಲಪ್ಪ?" ಎಂದು ಮಾತ್ರ ಕೇಳಿದರು. ಈ ಪ್ರಶ್ನೆಗೆ ನಿಯಮವಿರಲಿಲ್ಲವಾದ್ದರಿಂದ ದೀಪಕ್ ಉತ್ತರ ಕೊಟ್ಟ. ಅಕ್ಕಯಮ್ಮ ಸಂಜೆಯವರೆಗೆ ಸೇತುರಾಮನಿಗೆ ಫೋನ್ ಮಾಡಿಸಿದರು. ಸ್ವಿಚ್ ಆಫ್. ಅಲ್ಲಿಗೆ ಅನುಮಾನವೇ ಉಳಿಯಲಿಲ್ಲ. ಕಟ್ಟಿಟ್ಟ ಮುದ್ದೆಯನ್ನು ಗೌರಿಗೆ ಹಾಕಿ, ಅವತ್ತು ಉಪವಾಸ ಮಲಗಿದರು.

ಕಚೇರಿಯಲ್ಲಿ ಮಾತ್ರ ಅವತ್ತು ಲಡ್ಡು ಹಂಚಿದ್ದರು. ಅಕ್ಕಯಮ್ಮ ಒಂದೇ ಒಂದು ಬೈಗುಳ ಬೈದಿರಲಿಲ್ಲವಲ್ಲ.

ಶುಕ್ರವಾರ ಬೆಳಗ್ಗೆ ಟ್ಯಾಕ್ಸಿ ಬಂದು ನಿಂತಿತು. ವಿಮಾನದಲ್ಲಿ ಸಾಮಾನು ತೂಕ ಮೀರಬಾರದೆಂದು ಸರಸ್ವತಿ ಗಂಡನಿಗೆ ಎರಡೆರಡು ಸ್ವೆಟರ್, ಮಂಕಿ ಕ್ಯಾಪ್, ಉಣ್ಣೆ ಕಾಲುಚೀಲ ಎಲ್ಲ ಮೈಮೇಲೇ ಹೇರಿದ್ದಳು. ಆಗ ನೋಡಿದರೆ ಸೂಟ್‌ಕೇಸಿನ ಬೀಗದಕೈ ಇಲ್ಲ. ಸೇತುರಾಮ ಹುಡುಕುತ್ತ ಮಂಚದ ಕೆಳಗೆ ತೂರಿದ. ಸ್ವೆಟರಿನ ದಪ್ಪಕ್ಕೆ ಅಲ್ಲೇ ಸಿಕ್ಕಿಕೊಂಡ. ಎರಡು ಕಾಲು ಮಾತ್ರ ನೆಟ್ಟಗೆ ಹೊರಗೆ ಚಾಚಿಕೊಂಡಿದ್ದವು.

ಕೆಳಗಡೆ, ಗೇಟಿನಲ್ಲಿ ಪೇಪರ್ ಓದುತ್ತಿದ್ದ ನೆಲಮಹಡಿಯ ಜಯಸಿಂಹ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ದೊಡ್ಡ ಕಾರೊಂದು ನಿಂತದ್ದನ್ನೂ, ಅದರಿಂದ ಮಾರುದ್ದದ ಸುಗಂಧರಾಜದ ಹಾರ ಹಿಡಿದು ಇಳಿದ ಹೆಂಗಸನ್ನೂ ನೋಡಿದರು. ಸೇತುರಾಮನಿಗೆ ಏನೋ ಸನ್ಮಾನವಿರಬೇಕು ಅಂದುಕೊಂಡರು.

"ಸೇತುರಾಮಯ್ಯನೋರ ಮನೆ ಇದೇನಾ ಸ್ವಾಮಿ?" ಅಕ್ಕಯಮ್ಮನ ದನಿ ಆಗಲೇ ಒಡೆದಿತ್ತು.

"ಇದೇ, ಮೇಲ್ಗಡೆ. ಬೇಗ ಹೋಗಿ ಅಮ್ಮ, ಆಗಲೇ ಗಾಡಿ ಬಂದು ನಿಂತಿದೆ."

"ಅಯ್ಯೋ, ಗಾಡೀನೂ ಬಂದ್ಬುಡ್ತಾ?"

"ಲೇಟ್ ಮಾಡಿದ್ರೆ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಳ್ತಾರಲ್ಲ. ಎಲ್ಲ ಕಟ್ಟಿ ಆಯ್ತು. ಇನ್ನೇನು ಎತ್ತೋದೊಂದು ಬಾಕಿ."

ಅಕ್ಕಯಮ್ಮ ಮೆಟ್ಟಿಲನ್ನು ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಎರಡು ಕಾಲು. ಪಕ್ಕದಲ್ಲಿ ಸರಸ್ವತಿ ಸೊಂಟದ ಮೇಲೆ ಕೈಯಿಟ್ಟು, "ಇನ್ನೂ ಎಷ್ಟು ಹೊತ್ತು ಹೀಗೇ ಮಲಗಿರ್ತೀರಿ, ಏಳಿ ಅಂದ್ರೆ" ಎನ್ನುತ್ತಿದ್ದಳು.

"ಔರು ಇನ್ನೆಲ್ಲಿ ಏಳ್ತಾರವ್ವಾ" ಎಂದು ಅಕ್ಕಯಮ್ಮ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಹಾರವನ್ನು ಆ ಉಣ್ಣೆ ಕಾಲುಚೀಲಗಳ ಮೇಲೆ ಇಳಿಸಿದರು.

ಮಂಚದ ಕೆಳಗೆ ಸೇತುರಾಮ ಆ ದನಿ ಕೇಳಿ ತಣ್ಣಗಾದ. ಲೋಕದಲ್ಲಿ ಯಾವ ಎರಡು ಹೆಂಗಸರು ಸಂಧಿಸಬಾರದೆಂದು ಅವನು ಇಷ್ಟು ವರ್ಷ ಹರಕೆ ಹೊತ್ತಿದ್ದನೋ ಅವರಿಬ್ಬರೂ ಅವನ ಕಾಲ ಬುಡದಲ್ಲಿ ತಬ್ಬಿಕೊಂಡು ನಿಂತಿದ್ದರು. ಹೊರಗೆ ಬಂದರೆ ಉತ್ತರ ಹೇಳಬೇಕು. ಸತ್ತವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಅವನು ಉಸಿರು ಬಿಗಿಹಿಡಿದು ಹಾಗೇ ಮಲಗಿದ.

ಅಕ್ಕಯಮ್ಮ ಹಳೇ ಕಾಲದವರು, ಸತ್ತವರನ್ನು ಸುಮ್ಮನೆ ಕಳಿಸಿಕೊಡುವವರಲ್ಲ. ಅವರ ಗುಣಗಳನ್ನು ಹೇಳಿಕೊಂಡು ರಾಗವಾಗಿ ಅಳಬೇಕು. ಮಂಚದ ಪಕ್ಕ ಕುಕ್ಕರಿಸಿ, ಎದೆ ಬಡಿದುಕೊಂಡು ಶುರುಮಾಡಿದರು.

"ಗುರ್‌ವಾರ ಗುರ್‌ವಾರ ತಪ್ಪದೆ ಬರ್ತಿದ್ಯಲ್ಲೋ ನನ್ನಪ್ಪಾ... ಮುದ್ದೆ ಮೇಲೆ ಮುದ್ದೆ ಇಕ್ಕಿಸ್ಕಂಡು ಉಣ್ತಿದ್ಯಲ್ಲೋ ನನ್ನಪ್ಪಾ... ಬಸ್ಸಾರಿಗೆ ಬೆಳ್ಳುಳ್ಳಿ ಇನ್ನೊಂಚೂರು ಹಾಕಮ್ಮ ಅಂತಿದ್ಯಲ್ಲೋ ನನ್ನಪ್ಪಾ..."

ಸರಸ್ವತಿ ಮೆಲ್ಲಗೆ ಅವರ ಕೈ ಬಿಡಿಸಿಕೊಂಡಳು. "ಬೆಳ್ಳುಳ್ಳಿ?" ಎಂದಳು.

"ಒಂದ್ ಹಿಡಿ ಹಾಕುದ್ರೂ ಸಾಲ್ದು ಅಂತಿದ್ಯಲ್ಲೋ ನನ್ನಪ್ಪಾ... ಉಂಡು ನನ್ ಗೌರಿ ಪಕ್ಕ ಮಂಚದ ಮೇಲೆ ಗೊರ್ಕೆ ಹೊಡೀತಿದ್ಯಲ್ಲೋ... ಮನೇಲಿ ಬರೀ ಸಪ್ಪೆ ಸಾರು, ನಾಲ್ಗೆ ಸತ್ತೋಗದೆ ಅಂತಿದ್ಯಲ್ಲೋ..."

ಬಾಗಿಲಲ್ಲಿ ಇಂಚರ ಮತ್ತು ದೀಪಕ್ ಪ್ರತ್ಯಕ್ಷರಾಗಿದ್ದರು. ಅಮ್ಮ ತುಂಬಾ ನೊಂದ್ಕೊಂಡಿದಾರೆ, ಸೇತುರಾಮ್ ಅವರ ಮನೆಗೆ ಹೋಗ್ತಿದೀವಿ ಎಂದು ಶಿವರಾಮ ಕಾರಿನಿಂದ ಫೋನ್ ಮಾಡಿದ್ದನಂತೆ. ಗ್ರಾಹಕರು ಕೆರಳಿದ್ದಾರೆಂದು ತಿಳಿದು ಇಂಚರ ಓಡಿ ಬಂದಿದ್ದಳು, ನಿಯಮದ ಪ್ರಕಾರ ಬಿಳಿ ಬಟ್ಟೆಯಲ್ಲೇ. ಬಿಳಿ ಬಟ್ಟೆಯವರು ಮೇಲೆ ಹತ್ತಿದ್ದನ್ನು, ರಾಗದ ಅಳುವನ್ನು ಕೇಳಿದ ಜಯಸಿಂಹ, ಈಗಷ್ಟೇ ಹಾಲು ತರಲು ಬಂದಿದ್ದ ಮನುಷ್ಯ ಹೀಗೆ ಹೋಗುವುದೇ ಎಂದು ನೊಂದು, ಬೀದಿಯ ವಾಟ್ಸಾಪ್ ಗ್ರೂಪಿಗೆ ಓಂ ಶಾಂತಿ ಎಂದು ಹಾಕಿಬಿಟ್ಟಿದ್ದರು.

ಸೇತುರಾಮನ ಪ್ರಾಣ ಹೋಗುವುದು ಈಗ ನಿಜವಾಗಿಯೂ ಒಳ್ಳೆಯದಿತ್ತು. ಆದರೆ ಮಂಚದ ಕೆಳಗಿನ ಧೂಳು ಮಂಕಿ ಕ್ಯಾಪಿನೊಳಗೆ ಹೊಕ್ಕಿತು. ಒಂದು ಸೀನು ಬಂತು. ತಡೆದ. ಎರಡನೆಯದು ಬಂದು ಮಂಚವೇ ಅಲುಗಿತು.

ಅಕ್ಕಯಮ್ಮ ಚಿಟ್ಟನೆ ಚೀರಿದರು. ಸರಸ್ವತಿ ಗಂಡನ ಕಾಲು ಹಿಡಿದು ಒಂದೇ ಎಳೆತಕ್ಕೆ ಹೊರಗೆಳೆದಳು. ಕಾಲಿಗೆ ಹಾರ, ತಲೆಗೆ ಮಂಕಿ ಕ್ಯಾಪು, ಮೈತುಂಬ ಧೂಳು. ಸೇತುರಾಮ ಎದ್ದು ಕೂತು ಎಲ್ಲರಿಗೂ ಒಟ್ಟಿಗೆ ಒಂದು ನಮಸ್ಕಾರ ಮಾಡಿದ. ಸ್ವೆಟರಿನ ಜೇಬಿನಿಂದ ಬೀಗದಕೈ ಠಣ್ ಎಂದು ಕೆಳಗೆ ಬಿತ್ತು.

"ಅಯ್ಯೋ ನನ್ನಪ್ಪ, ಬದುಕವ್ರೆ" ಎಂದು ಅಕ್ಕಯಮ್ಮ ಅವನ ಕೆನ್ನೆ ಸವರಿ, ದೃಷ್ಟಿ ನಿವಾಳಿಸಿ, ಆನಂದಬಾಷ್ಪ ಒರೆಸಿಕೊಂಡರು. ಆಮೇಲೆ ಇಂಚರಳ ಕಡೆ ತಿರುಗಿದರು. "ಮತ್ತೆ ನಿನ್ನೆ ಯಾಕ್ ತಾಯಿ ಹಂಗ್ ಬಂದು ಹಂಗ್ ಹೋದ್ರಿ? ನೀರೂ ಮುಟ್ನಿಲ್ಲ, ಬತ್ತೀವಿ ಅಂತ್ಲೂ ಅನ್ನಿಲ್ಲ."

ಇಂಚರ ಫೋನ್ ತೆಗೆದು ಜ್ಞಾನಸಾಗರದ ಆ ಲೇಖನವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಅವಳ ದನಿಯೇ ಸಣ್ಣಗಾಯಿತು. ಸೇತುರಾಮ ಬೀಗದಕೈ ನೋಡುತ್ತ ಕೂತಿದ್ದ.

"ನಾನಾ? ನಾನ್ ಬೈತೀನಾ?" ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಉಂಡ ಮನೆ ಜಂತೆ ಎಣಿಸ್ತೀಯೇನೋ ಐನೋರೇ?"

ಮುಂದಿನ ಹದಿನೈದು ನಿಮಿಷ ಅವರು ಬೈದರು. ಇಷ್ಟು ವರ್ಷ ಸೇತುರಾಮ ತಾನು ಬೈಸಿಕೊಂಡೆನೆಂದು ಹೇಳಿಕೊಂಡು ತಿರುಗಿದ್ದ ಬೈಗುಳವೆಲ್ಲ ಅಸಲು ಬಡ್ಡಿ ಸಮೇತ ಸಂದಾಯವಾಯಿತು. ಬಾಗಿಲ ಹೊರಗೆ ನಿಂತು ಕೇಳಿದ ಜಯಸಿಂಹರು, ಬ್ಯಾಂಕಿನ ಯೂನಿಯನ್ ಗಲಾಟೆಗಳಲ್ಲೂ ಇಂಥ ಸ್ವಚ್ಛ ಕನ್ನಡ ಕೇಳಿರಲಿಲ್ಲವೆಂದು ಆಮೇಲೆ ಹೇಳಿದರು. ದೀಪಕ್ ಬಾಯಿ ತೆರೆದು ನಿಂತಿದ್ದ. ಹೊಸದಾಗಿ ಮದುವೆಯಾದವನ ಕಿವಿಗೆ ಬೀಳಬಾರದ್ದೆಲ್ಲ ಅವತ್ತು ಬಿತ್ತು.

ಸರಸ್ವತಿ ಬೀಗದಕೈ ಎತ್ತಿಕೊಂಡು ಸೂಟ್‌ಕೇಸಿಗೆ ಬೀಗ ಹಾಕಿದಳು. ಅಕ್ಕಯಮ್ಮನ ಕೈಗೆ ಒಂದು ಲೋಟ ನೀರು ಕೊಟ್ಟು, ಅರಿಶಿನ ಕುಂಕುಮ ಕೊಟ್ಟು, ಟ್ಯಾಕ್ಸಿಯಲ್ಲಿ ಹೋಗಿ ಕೂತಳು.

ಇಂಚರ ಸೇತುರಾಮನ ಹತ್ತಿರ ಬಂದಳು. "ಅಂಕಲ್, ಆರಾಮಾಗಿ ಹೋಗಿಬನ್ನಿ. ಫೋನ್ ಆಫ್ ಮಾಡೋದೂ ಬೇಡ. ಯಾರೂ ಮಾಡಲ್ಲ."

ಬೈಗುಳಕ್ಕಿಂತ ಈ ಮಾತೇ ಅವನಿಗೆ ಹೆಚ್ಚು ಚುಚ್ಚಿತು. ದಾರಿಯುದ್ದಕ್ಕೂ ಅವನು ಫೋನ್ ನೋಡಿಕೊಂಡ. ಸಂತಾಪದ ಸಂದೇಶಗಳು ಮಾತ್ರ ಬರುತ್ತಿದ್ದವು. ಜಯಸಿಂಹರು ಸೇತುರಾಮ್ ಬದುಕಿದ್ದಾರೆ, ವಿಷಾದಿಸುತ್ತೇನೆ ಎಂದು ತಿದ್ದುಪಡಿ ಹಾಕಿದ್ದರು. ಅದಕ್ಕೂ ಒಂದಿಬ್ಬರು ಕೈಮುಗಿದಿದ್ದರು.

ಮನಾಲಿಯಲ್ಲಿ ಸರಸ್ವತಿ ಹಿಮ ಮುಟ್ಟಿದಳು. ಮುಟ್ಟಿದ ಮೊದಲ ಉಂಡೆಯನ್ನು ಗುರಿಯಿಟ್ಟು ಗಂಡನ ಮುಖಕ್ಕೆ ಹೊಡೆದಳು. ಅದು ಬೆಂಗಳೂರು ಬಿಟ್ಟ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಸಂಭಾಷಣೆ. ಸೇತುರಾಮನಿಗೆ ಎಷ್ಟೋ ಸಮಾಧಾನವಾಯಿತು.

ಮುಂದಿನ ಗುರುವಾರ ಮಧ್ಯಾಹ್ನ ಹೋಟೆಲಿನಲ್ಲಿ ಆಲೂಗಡ್ಡೆ ಪಲ್ಯ ಕೆದಕುತ್ತ ಕೂತಿದ್ದಾಗ ಫೋನ್ ಹೊಡೆದುಕೊಂಡಿತು. ವಿಡಿಯೋ ಕಾಲ್. ಉತ್ತರಹಳ್ಳಿಯ ಪಾರ್ಕಿಂಗಿನಲ್ಲಿ ಸಾಲಾಗಿ ಎಲೆ ಹಾಕಿದ್ದರು. ಬಣ್ಣದ ಟೀಶರ್ಟಿನ ದೀಪಕ್ ಎಲೆಗೆ ಮುಖ ಹಾಕಿದ್ದ. ಇಂಚರ ಮುದ್ದೆ ಅಗಿಯಲು ನೋಡುತ್ತಿದ್ದಳು, ಪಿಳ್ಳಣ್ಣ ಅವಳಿಗೆ ನುಂಗುವುದನ್ನು ಹೇಳಿಕೊಡುತ್ತಿದ್ದ. ಬಾಯಿ ತುಂಬಿಸಿಕೊಂಡು, ಪ್ರಿಂಟರಿನ ಎಡಪಕ್ಕೆಗೆ ಗುದ್ದಬೇಕೆಂಬುದನ್ನೂ ಅವನೇ ಹೇಳಿಬಿಟ್ಟನಂತೆ. ಅದಕ್ಕೆ ಪ್ರತಿಯಾಗಿ ದೀಪಕ್ ಪಾಸ್‌ವರ್ಡ್ ಕೊಟ್ಟನಂತೆ. ಪೋರ್ಟಲ್‌ನಿಂದ ಆಗದ್ದು ಬಸ್ಸಾರಿನಿಂದ ಆಗಿತ್ತು.

"ಹೆಂಗವ್ರೆ ಐನೋರು? ಉಂಡ್ರಾ?" ಅಕ್ಕಯಮ್ಮನ ಸಿಟ್ಟು ಆಗಲೇ ಇಳಿದಿತ್ತು.

ಸೇತುರಾಮ ಉತ್ತರ ಹೇಳುವುದರೊಳಗೆ ಸರಸ್ವತಿ ಫೋನ್ ಕಿತ್ತುಕೊಂಡಳು. "ಅಮ್ಮ, ನಾನು ಸರಸ್ವತಿ. ಆ ಬಸ್ಸಾರು ಹೇಗೆ ಮಾಡ್ತೀರಿ, ಸ್ವಲ್ಪ ಹೇಳ್ತೀರಾ? ಬೆಳ್ಳುಳ್ಳಿ ಎಷ್ಟು?"

"ಅದೆಲ್ಲ ಬಾಯಲ್ಲಿ ಹೇಳುದ್ರೆ ಬರಾಕಿಲ್ಲ ಕಣವ್ವ. ಕಣ್ಣಲ್ಲಿ ನೋಡ್ಬೇಕು, ನಾಲ್ಗೇಲಿ ನೋಡ್ಬೇಕು. ನೀನು ಊರಿಗೆ ಬಂದ್ಮೇಲೆ ಗುರ್‌ವಾರ ಬಾ. ಔರ್ನ ಆಪೀಸಲ್ಲೇ ಬುಟ್ ಬಾ."

ಈಗ ಗುರುವಾರ ಬಂದರೆ ಗಗನಗಾಮಿಯಲ್ಲಿ ಸೇತುರಾಮ ಒಬ್ಬನೇ ಕೂತು ಫೋನ್ ಕಾಯುತ್ತಾನೆ, ಡಬ್ಬಿಯ ಮೊಸರನ್ನ ತಿನ್ನುತ್ತಾನೆ. ಯಾರಾದರೊಬ್ಬರು ಕಚೇರಿ ನೋಡಿಕೊಳ್ಳಬೇಕಲ್ಲ, ಮತ್ತು ಆ ಕೆಲಸ ಅವನಿಗೆ ಚೆನ್ನಾಗಿ ಗೊತ್ತಿದೆ ಎಂದು ಎಲ್ಲರೂ ಸೇರಿ ಜ್ಞಾನಸಾಗರದಲ್ಲಿ ಬರೆದಿದ್ದಾರೆ. ಸಂಜೆ ಅವನು ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಸರಸ್ವತಿ ಬರುತ್ತಾಳೆ. ತಲೆ ಕೆದರಿರುತ್ತದೆ, ಕಣ್ಣು ಕೆಂಪಾಗಿರುತ್ತದೆ, ಉಸಿರಿನಲ್ಲಿ ಏಲಕ್ಕಿಯ ವಾಸನೆ. ಸೋಫಾದ ಮೇಲೆ ಒರಗಿ, "ಯಾಕೋ ಹಸಿವೇ ಇಲ್ಲ ಕಣ್ರೀ. ಉತ್ತರಹಳ್ಳಿ ಬಿಸಿಲು, ಸಾಕಾಗಿ ಹೋಯ್ತು" ಎನ್ನುತ್ತಾಳೆ.

ಸೇತುರಾಮ ಎದ್ದು ಹೋಗಿ ಜೀರಿಗೆ ಕಷಾಯಕ್ಕೆ ನೀರಿಡುತ್ತಾನೆ.